ರಾಷ್ಟ್ರಪತಿಗಳ ಪದಕವೂ ಕೊಲ್ಲಾಪುರದ ಋಣವೂ

1957ನೆಯ ವರ್ಷದ ಚಲಚ್ಚಿತ್ರಗಳಿಗಾಗಿ ಭಾರತ ಸರಕಾರವು ಪ್ರಕಟಿಸಿದ ಪಾರಿತೋಷಕಗಳ ಪಟ್ಟಿಯನ್ನು ಇಂದು ತೆಗೆದು ನೋಡಿದರೆ, ಅದರಲ್ಲಿ ಎರಡು ಹೆಸರುಗಳು ಪರಸ್ಪರ ಪರಿಚಯವೇ ಇಲ್ಲದವುಗಳಂತೆ ದೂರ ದೂರವಾಗಿ ನಿಂತಿರುವುದು ಕಂಡುಬರುವುದು. ಇಡಿಯ ದೇಶಕ್ಕೇ ಅತ್ಯುತ್ತಮವೆಂದು ರಾಷ್ಟ್ರಪತಿಗಳ ಸುವರ್ಣಪದಕಕ್ಕೆ ಪಾತ್ರವಾದ, ವ್ಹಿ. ಶಾಂತಾರಾಮರ ಹಿಂದೀ ಚಿತ್ರ ‘ದೋ ಆಂಖೇಂ ಬಾರಹ್ ಹಾಥ್’ ಒಂದು. ಕನ್ನಡದ ಅತ್ಯುತ್ತಮ ಕಥಾಚಿತ್ರವೆಂದು ಮನ್ನಣೆ ಪಡೆದ, ಆರ್. ನಾಗೇಂದ್ರರಾಯರ ‘ಪ್ರೇಮದ ಪುತ್ರಿ’ ಇನ್ನೊಂದು. ಭಾಷೆ ಬೇರೆ, ವಸ್ತು ಬೇರೆ, ಮಾರುಕಟ್ಟೆಯಂತೂ ಪೂರ್ತಿಯಾಗಿ ಬೇರೆ. ಆದರೆ ಶಾಂತಾರಾಮರು ಚಿತ್ರವಿದ್ಯೆಯ ಅಕ್ಷರಾಭ್ಯಾಸ ಮಾಡಿದುದು ಕೊಲ್ಲಾಪುರದಲ್ಲಿ. ನಾಗೇಂದ್ರರಾಯರು ಕನ್ನಡದ ಮೊದಲ ವಾಕ್ಚಿತ್ರಕ್ಕೆ ರಾವಣನಾಗಿ ಬಣ್ಣ ಹಚ್ಚಿ ನಿಂತದ್ದೂ ಕೊಲ್ಲಾಪುರದಲ್ಲಿಯೇ. ಆ ಪಟ್ಟಿಯಲ್ಲಿ ಮಾತ್ರ ಕೊಲ್ಲಾಪುರದ ಹೆಸರಿಲ್ಲ. ಇರಲು ಅವಕಾಶವೂ ಇರಲಿಲ್ಲ. ಏಕೆಂದರೆ ಪಾರಿತೋಷಕವೆಂಬುದು ಸಿದ್ಧವಾಗಿ ಬಂದ ಕೃತಿಗೆ ಸಲ್ಲುವ ಮರ್ಯಾದೆಯೇ ಹೊರತು, ಆ ಕೃತಿಗೆ ಬೇಕಾದ ಕೈಗಳನ್ನು ತಿದ್ದಿ ಬೆಳೆಸಿದ ಕಾರ್ಯಶಾಲೆಗೆ ಸಲ್ಲುವುದಲ್ಲ. ದೂಧಗಂಗೆಯ ದಡದ ದತ್ತವಾಡದಿಂದ ಒಂದು ಹೊತ್ತಿನೊಳಗೆ ಹೋಗಿ ಮುಟ್ಟಬಹುದಾದ ಆ ನಗರಕ್ಕೂ ದೆಹಲಿಯ ಪದಕಕ್ಕೂ ಇರುವ ಸಂಬಂಧವನ್ನು ಈ ಸಂಚಿಕೆಯ ಓದುಗರ ಮುಂದೆ ಇರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಕೊಲ್ಲಾಪುರದಲ್ಲಿ ಈ ವಿದ್ಯೆ ಬೇರೂರಿದ್ದು ಮೊದಲನೆಯ ಮಹಾಯುದ್ಧದ ದಿನಗಳಲ್ಲಿ. ನಾಟಕಮಂಡಳಿಗಳಿಗೆ ಪರದೆಗಳನ್ನು ಬರೆದು ಜೀವಿಸುತ್ತಿದ್ದ ಬಾಬೂರಾವ್ ಮೇಸ್ತ್ರಿಯವರು, ಜನರ ಬಾಯಲ್ಲಿ ‘ಪೇಂಟರ್’ ಎಂದೇ ಪ್ರಸಿದ್ಧರಾದವರು, ತಮ್ಮ ಬಂಧು ಆನಂದರಾಯರೊಡನೆ ಕೂಡಿ ಚಿತ್ರಗ್ರಹಣದ ಯಂತ್ರವನ್ನು ತಾವೇ ಕಟ್ಟಬೇಕೆಂಬ ಹಟಕ್ಕೆ ಬಿದ್ದರು. 1916ರಲ್ಲಿ ಆನಂದರಾಯರು ತೀರಿಕೊಂಡ ಮೇಲೆ ಶಿಷ್ಯರಾದ ದಾಮ್ಲೆಯವರ ನೆರವಿನಿಂದ ಆ ಕೆಲಸವನ್ನು ಮುಗಿಸಿ, ಗಾಯಕಿ ತಾನೀಬಾಯಿ ಕಾಗಲಕರ ಅವರ ದ್ರವ್ಯಸಹಾಯದಿಂದ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. ಲಕ್ಷಾಧೀಶರು ಯಾರೂ ನಂಬದಿದ್ದ ಈ ಕಲೆಗೆ ಮೊದಲು ಗಂಟು ಬಿಚ್ಚಿದವಳು ಒಬ್ಬ ಹಾಡುವ ಹೆಂಗಸೆಂಬುದನ್ನು ನಮ್ಮ ಇತಿಹಾಸಕಾರರು ಇನ್ನಷ್ಟು ಗಟ್ಟಿಯಾದ ದನಿಯಲ್ಲಿ ಹೇಳಬೇಕಿತ್ತೆಂದು ನನಗೆ ಅನಿಸುವುದುಂಟು.

ಆ ಕಂಪನಿಯಲ್ಲಿ ಕೆಲಸ ನಡೆಯುತ್ತಿದ್ದ ರೀತಿ ಗಮನಾರ್ಹವಾದುದು. ಅಂದಿನ ಚಿತ್ರಗಳಲ್ಲಿ ಅರಮನೆಯೆಂದರೆ ಬಣ್ಣ ಬಳಿದ ಪರದೆ. ಪಾತ್ರಧಾರಿಯ ಬೆನ್ನು ತಾಗಿದರೆ ಕಂಬವೇ ಅಲುಗಾಡುತ್ತಿದ್ದ ಕಾಲವದು. ಬಾಬೂರಾಯರು ಆ ಪರದೆಗಳನ್ನು ಬದಿಗೊತ್ತಿ, ಉದ್ದ ಅಗಲ ಎತ್ತರಗಳುಳ್ಳ ನಿಜವಾದ ರಂಗಸಜ್ಜಿಕೆಗಳನ್ನು ಕಟ್ಟಿಸಿದರು. ವೇಷಭೂಷಣಗಳನ್ನೂ ಪಾತ್ರಗಳು ನಿಲ್ಲಬೇಕಾದ ಭಂಗಿಗಳನ್ನೂ ಮೊದಲೇ ರೇಖೆಗಳಲ್ಲಿ ಬರೆದಿಟ್ಟುಕೊಂಡು, ಆ ರೇಖೆಗಳಿಗೆ ತಕ್ಕಂತೆ ಮನುಷ್ಯರನ್ನು ನಿಲ್ಲಿಸಿದರು. ಪ್ರಚಾರದ ಭಿತ್ತಿಚಿತ್ರಗಳನ್ನೂ ತಾವೇ ಬರೆದರು. 1920ರಲ್ಲಿ ‘ಸೈರಂಧ್ರಿ’ ಪುಣೆಯಲ್ಲಿ ತೆರೆ ಕಂಡಾಗ ಲೋಕಮಾನ್ಯ ತಿಲಕರು ಅವರಿಗೆ ‘ಸಿನೆಮಾ ಕೇಸರಿ’ ಎಂಬ ಬಿರುದನ್ನಿತ್ತರು. ‘ಕಲ್ಯಾಣ ಖಜಿನಾ’ ಎಂಬ ಚಿತ್ರವು ಲಂಡನ್ನಿನ ವೆಂಬ್ಲಿ ಪ್ರದರ್ಶನದಲ್ಲಿ ಪದಕವನ್ನು ತಂದಿತು. ಅಂದಿನ ಪಾರಿತೋಷಕಗಳ ಸ್ವರೂಪ ಹೀಗೆಯೇ ಇದ್ದಿತು: ಮಹಾಪುರುಷರ ಮೆಚ್ಚುಗೆ, ಸಂಸ್ಥಾನಿಕರ ಶಾಲು, ಪರದೇಶದ ಪ್ರದರ್ಶನದ ಒಂದು ಪದಕ. ವರ್ಷವರ್ಷವೂ ಕುಳಿತು, ಬಂದ ಚಿತ್ರಗಳೆಲ್ಲವನ್ನೂ ನೋಡಿ, ತೂಗಿ, ಕಾರಣ ಕೊಟ್ಟು ನಿರ್ಣಯಿಸುವ ಒಂದು ವ್ಯವಸ್ಥೆ ದೇಶದಲ್ಲಿರಲಿಲ್ಲ.

ಇದ್ದಿದ್ದರೆ 1925ರ ‘ಸಾವಕಾರೀ ಪಾಶ’ಕ್ಕೆ ಏನನ್ನು ಕೊಡುತ್ತಿತ್ತೋ! ಪುರಾಣದ ದೇವತೆಗಳೂ ಮರಾಠರ ಕೋಟೆಗಳೂ ಬೆಳ್ಳಿತೆರೆಯನ್ನು ಆಕ್ರಮಿಸಿಕೊಂಡಿದ್ದ ಆ ದಿನಗಳಲ್ಲಿ, ಸಾಹುಕಾರನ ಸಾಲದಲ್ಲಿ ಭೂಮಿಯನ್ನು ಕಳೆದುಕೊಂಡು, ಪಟ್ಟಣದ ಗಿರಣಿಯ ಕೂಲಿಯಾಗುವ ಒಬ್ಬ ಬಡ ಒಕ್ಕಲಿಗನ ಕಥೆಯನ್ನು ಬಾಬೂರಾಯರು ಅದರಲ್ಲಿ ನಿರೂಪಿಸಿದರು. ಆ ಒಕ್ಕಲಿಗನ ಪಾತ್ರ ವಹಿಸಿದ ತರುಣನೇ ಶಾಂತಾರಾಮ. ಈತನು ಕೊಲ್ಲಾಪುರಕ್ಕೆ ಬಂದು ಕಂಪನಿಯನ್ನು ಸೇರುವ ಮುನ್ನ ನಮ್ಮ ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ದುಡಿಯುತ್ತ, ಸಂಜೆ ಅಲ್ಲಿಯ ಡೆಕ್ಕನ್ ಸಿನೆಮಾ ಮಂದಿರದ ಬಾಗಿಲು ಕಾಯುತ್ತ, ಪುಕ್ಕಟೆಯಾಗಿ ಫಾಲ್ಕೆಯವರ ಚಿತ್ರಗಳನ್ನು ನೋಡಿದವನು. ಕನ್ನಡದ ನೆಲಕ್ಕೆ ಈತನ ಮೇಲೆ ಇಷ್ಟಾದರೂ ಹಕ್ಕುಂಟು.

1929ರಲ್ಲಿ ಶಾಂತಾರಾಮ, ದಾಮ್ಲೆ, ಫತ್ತೇಲಾಲ ಮೊದಲಾದ ಶಿಷ್ಯರು ಗುರುವಿನ ಮನೆಯನ್ನು ಬಿಟ್ಟು ಕೊಲ್ಲಾಪುರದಲ್ಲಿಯೇ ಪ್ರಭಾತ ಕಂಪನಿಯನ್ನು ಕಟ್ಟಿದರು; 1933ರಲ್ಲಿ ಅದನ್ನು ಪುಣೆಗೆ ಒಯ್ದರು. ದಾಮ್ಲೆ–ಫತ್ತೇಲಾಲರು ನಿರ್ದೇಶಿಸಿದ ‘ಸಂತ ತುಕಾರಾಮ’ವು 1937ರಲ್ಲಿ ವೆನಿಸ್ ಉತ್ಸವದಲ್ಲಿ ಪುರಸ್ಕೃತವಾದುದು ಎಲ್ಲರೂ ಬಲ್ಲ ಸಂಗತಿ. ಎಲ್ಲರೂ ಅರಿಯದಿರುವುದೆಂದರೆ, ಆ ಪುರಸ್ಕಾರದ ಪತ್ರವು ಎಲ್ಲಿಯೋ ಕಳೆದುಹೋಗಿ, ಬಹುಕಾಲ ಯಾರ ಲೆಕ್ಕಕ್ಕೂ ಸಿಗದೆ, ಕಡೆಗೆ ಕೇರಳದಲ್ಲಿ ಪತ್ತೆಯಾಗಿ, 2004ರ ಮಾರ್ಚಿನಲ್ಲಿ ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯಕ್ಕೆ ಮರಳಿತೆಂಬುದು. ಗಳಿಸಿದುದನ್ನು ಕಾಪಾಡುವ ವಿಷಯದಲ್ಲಿ ನಮ್ಮ ಔದಾಸೀನ್ಯವು ಯಾವ ಭಾಷಾಭೇದವನ್ನೂ ಮಾಡುವುದಿಲ್ಲ.

ಪ್ರಭಾತ ಕಂಪನಿಯು ಪುಣೆಗೆ ಹೋದರೂ ಕೊಲ್ಲಾಪುರದಲ್ಲಿ ಸ್ಟುಡಿಯೋಗಳು ಬರಿದಾಗಲಿಲ್ಲ. ಅಲ್ಲಿಯ ಛತ್ರಪತಿ ಸಿನೆಟೋನ್ ಸ್ಟುಡಿಯೋಕ್ಕೆ ಮೈಸೂರು ಸೀಮೆಯಿಂದ ಒಂದು ತಂಡ ಬಂದಿಳಿಯಿತು. ಬೆಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಚಮನ್‌ಲಾಲ್ ಡೂಂಗಾಜಿಯವರು ಸೌತ್ ಇಂಡಿಯಾ ಮೂವಿಟೋನ್ ಎಂಬ ಸಂಸ್ಥೆಯನ್ನು ಆರಂಭಿಸಿ, ಕನ್ನಡದಲ್ಲಿ ಮಾತನಾಡುವ ಚಿತ್ರವೊಂದನ್ನು ಸಿದ್ಧಪಡಿಸಲು ವೈ. ವಿ. ರಾಯರಿಗೆ ನಿರ್ದೇಶನವನ್ನು ಒಪ್ಪಿಸಿದ್ದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಾಹಿತ್ಯವನ್ನು ಬರೆದರು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ನಾಗೇಂದ್ರರಾಯರು ರಾವಣ. ನಾಯ್ಡು ಮತ್ತು ನಾಗೇಂದ್ರರಾಯರಿಬ್ಬರೂ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ಜೋಡೆತ್ತುಗಳು. ಎರಡು ತಿಂಗಳ ಕಾಲ, ಸುಮಾರು 40,000 ರೂಪಾಯಿಗಳ ವೆಚ್ಚದಲ್ಲಿ, ಮರಾಠಿಯ ಬಡಗಿಗಳೂ ದೀಪಗಾರರೂ ಸುತ್ತ ನಿಂತಿರಲು ಲಂಕೆಯ ರಾವಣನು ಕನ್ನಡದಲ್ಲಿ ಘರ್ಜಿಸಿದನು. ‘ಸತೀ ಸುಲೋಚನ’ವು 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಮಂದಿರದಲ್ಲಿ ತೆರೆ ಕಂಡು ಕನ್ನಡದ ಪ್ರಥಮ ವಾಕ್ಚಿತ್ರವೆನಿಸಿತು. ಅದಕ್ಕೆ ಯಾವ ಪದಕವೂ ಬರಲಿಲ್ಲ, ಕೊಡುವವರೇ ಇರಲಿಲ್ಲವಷ್ಟೆ. ಈಗ ಅದರ ಒಂದು ಪ್ರತಿಯೂ ಉಳಿದಿಲ್ಲ.

ಎರಡನೆಯ ಮಹಾಯುದ್ಧವು ಚಿತ್ರೋದ್ಯಮದ ಮೇಲೆ ಎಸಗಿದ ಪರಿಣಾಮವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಕಚ್ಚಾ ಫಿಲ್ಮು ವಿದೇಶದಿಂದ ಬರಬೇಕಾಗಿದ್ದುದರಿಂದ ಸರಕಾರವು ಅದರ ಹಂಚಿಕೆಯನ್ನು ಕೈಗೆ ತೆಗೆದುಕೊಂಡು, ಕಥಾಚಿತ್ರದ ಉದ್ದವನ್ನು 11,000 ಅಡಿಗಳಿಗೆ ಕಟ್ಟುಮಾಡಿತು. ಯುದ್ಧ ಮುಗಿದು ಕಟ್ಟು ಸಡಲಿದಾಗ, ಯುದ್ಧಕಾಲದ ಕಾಳದುಡ್ಡು ನದಿಯಂತೆ ಉದ್ಯಮಕ್ಕೆ ಹರಿದು, ನೆಲೆಯುಳ್ಳ ಸ್ಟುಡಿಯೋಗಳು ಒಂದೊಂದಾಗಿ ಕುಸಿದುವು. ಕೊಲ್ಲಾಪುರದ ಪಾಲಿಗೆ ವಿಧಿಯು ಇನ್ನೊಂದು ಆಘಾತವನ್ನು ಇಟ್ಟುಕೊಂಡಿದ್ದಿತು. 1948ರಲ್ಲಿ ಮಹಾತ್ಮರ ಹತ್ಯೆಯಾದ ಬಳಿಕ ಎದ್ದ ಗಲಭೆಯಲ್ಲಿ ಭಾಲಜಿ ಪೆಂಢಾರಕರರ ಜಯಪ್ರಭಾ ಸ್ಟುಡಿಯೋ ಬೆಂಕಿಗೆ ಆಹುತಿಯಾಯಿತು. ಅವರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು, ಸಾಲಮಾಡಿ.

ಈ ಸಂದಿಗ್ಧದಲ್ಲಿಯೇ, 1949ರಲ್ಲಿ, ಸ್ವತಂತ್ರ ಭಾರತದ ಸರಕಾರವು ಎಸ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಚಲಚ್ಚಿತ್ರ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಅದರ ಸದಸ್ಯರಲ್ಲಿ ಶಾಂತಾರಾಮರೂ ಇದ್ದರು; 1951ರಲ್ಲಿ ವರದಿ ಬಂದಿತು. ಲೋಕದ ಇತರೆಡೆಗಳಲ್ಲಿ ಅಷ್ಟರೊಳಗೆ ಪಾರಿತೋಷಕಗಳ ಸುಗ್ಗಿ. ಅಮೆರಿಕೆಯಲ್ಲಿ 1929ರಿಂದ ಅಕಾಡೆಮಿಯ ಪ್ರಶಸ್ತಿ ನಡೆದುಬಂದಿದ್ದಿತು. ಫ್ರಾನ್ಸಿನ ಕಾನ್ ಉತ್ಸವವು 1946ರಲ್ಲಿ ಆರಂಭವಾಗಿ, ಆ ಮೊದಲ ವರ್ಷವೇ ಚೇತನ್ ಆನಂದರ ‘ನೀಚಾ ನಗರ್’ ಚಿತ್ರಕ್ಕೆ ಅಗ್ರ ಬಹುಮಾನದ ಪಾಲನ್ನು ಕೊಟ್ಟಿದ್ದಿತು. ಪರರು ಗುರುತಿಸಿದ ಮೇಲೆ ನಾವು ಗುರುತಿಸುವುದೆಂಬ ನಮ್ಮ ಹಳೆಯ ರೂಢಿಗೆ ಇದೊಂದು ನಿದರ್ಶನ.

1954ನೆಯ ಇಸವಿಯಲ್ಲಿ ಎರಡು ಸಮಾರಂಭಗಳು ನಡೆದುವು. ಮಾರ್ಚ್ 21ರಂದು ಮುಂಬಯಿಯ ಮೆಟ್ರೊ ಚಿತ್ರಮಂದಿರದಲ್ಲಿ ಫಿಲ್ಮ್‌ಫೇರ್ ಪತ್ರಿಕೆಯು ಓದುಗರ ಮತವನ್ನು ಎಣಿಸಿ ಹಿಂದೀ ಚಿತ್ರಗಳಿಗೆ ಐದು ಪ್ರತಿಮೆಗಳನ್ನು ಹಂಚಿತು. ಕನ್ನಡವು ಆ ಪತ್ರಿಕೆಯ ಕಣ್ಣಿಗೆ ಬೀಳಲು ಮುಂದೆ 1970ರ ವರೆಗೆ ಕಾಯಬೇಕಾಯಿತು. ಅಕ್ಟೋಬರ್ 10ರಂದು ದೆಹಲಿಯಲ್ಲಿ ರಾಷ್ಟ್ರಪತಿ ರಾಜೇಂದ್ರಪ್ರಸಾದರು ಸರಕಾರದ ಪ್ರಥಮ ಪಾರಿತೋಷಕಗಳನ್ನಿತ್ತರು. ಇದನ್ನು ನಡೆಸಿದುದು ಬಿ. ವಿ. ಕೇಸಕರರ ಅಧೀನದಲ್ಲಿದ್ದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ. ಸಿನೆಮಾ ಹಾಡುಗಳು ಜನರ ಅಭಿರುಚಿಯನ್ನು ಕೆಡಿಸುವುವೆಂದು ಆಕಾಶವಾಣಿಯಿಂದ ಅವುಗಳನ್ನು ಹೊರಗಟ್ಟಿ, ಕೇಳುಗರೆಲ್ಲರನ್ನೂ ರೇಡಿಯೋ ಸಿಲೋನಿನ ಕಡೆಗೆ ತಿರುಗಿಸಿದವರೂ ಇವರೇ! ಒಂದು ಕೈಯಿಂದ ಹಾಡಿಗೆ ಬಾಗಿಲು ಮುಚ್ಚಿ ಇನ್ನೊಂದು ಕೈಯಿಂದ ಚಿತ್ರಕ್ಕೆ ಪದಕ ನೀಡಿದ ಈ ಸಚಿವಾಲಯದ ಮನಸ್ಸನ್ನು ಅರಿತರೆ, ಆರಂಭಕಾಲದ ನಿರ್ಣಯಗಳ ಮರ್ಮವೂ ಅರ್ಥವಾಗುವುದು. ಕಲಾಸೌಂದರ್ಯ ಮತ್ತು ತಾಂತ್ರಿಕ ಔನ್ನತ್ಯಗಳ ಜೊತೆಗೆ ಶೈಕ್ಷಣಿಕ, ಸಾಂಸ್ಕೃತಿಕ ಮೌಲ್ಯವಿರಬೇಕೆಂಬುದು ಆ ಪಾರಿತೋಷಕದ ಘೋಷಿತ ಧ್ಯೇಯ; ತೂಕ ಬಿದ್ದದ್ದು ಬಹಳಮಟ್ಟಿಗೆ ಈ ಕಡೆಯ ಮಾತುಗಳ ಮೇಲೆಯೇ.

ಮೊದಲ ಸುವರ್ಣಪದಕವು ಸಾನೆ ಗುರೂಜಿಯವರ ಪುಸ್ತಕವನ್ನು ಆಧರಿಸಿ ಆಚಾರ್ಯ ಅತ್ರೆಯವರು ನಿರ್ಮಿಸಿದ ಮರಾಠಿ ಚಿತ್ರ ‘ಶ್ಯಾಮಚೀ ಆಈ’ಗೆ ಸಂದಿತು. ಕೆಲವೇ ವರ್ಷಗಳಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಸಿಂಹಕಂಠವಾದ ಅತ್ರೆಯವರ ಹೆಸರು ಗಡಿಭಾಗದ ಕನ್ನಡಿಗನ ಕಿವಿಗೆ ಬಿದ್ದಾಗ ಬೇರೆ ನೆನಪುಗಳೂ ಏಳುವುದು ಸಹಜ; ಆದರೂ ತಾಯಿಯ ಮಮತೆ ಹಾಗೂ ಕಠಿನಶಿಕ್ಷಣವನ್ನು ಕುರಿತ ಆ ಚಿತ್ರವನ್ನು ನೋಡಿ ಕಣ್ಣೊರೆಸಿಕೊಳ್ಳದೆ ಹೊರಬಂದವರು ಎರಡು ಭಾಷೆಗಳಲ್ಲಿಯೂ ವಿರಳ. ಬಿಮಲ್ ರಾಯರ ‘ದೋ ಬೀಘಾ ಜಮೀನ್’ಗೆ ಅಖಿಲ ಭಾರತ ಪ್ರಶಸ್ತಿಪತ್ರ ದೊರೆಯಿತು. ಸಾಲದಲ್ಲಿ ಭೂಮಿ ಕಳೆದುಕೊಳ್ಳಲಿರುವ ರೈತನು ನಗರಕ್ಕೆ ಬಂದು ಕೂಲಿಯಾಗುವ ಕಥೆ: ಇಪ್ಪತ್ತೆಂಟು ವರ್ಷಗಳ ಹಿಂದೆ ಕೊಲ್ಲಾಪುರದಲ್ಲಿ ಮೂಕಚಿತ್ರವಾಗಿದ್ದ ವಸ್ತುವದು. ‘ಸಾವಕಾರೀ ಪಾಶ’ದ ಕರ್ತೃ ಬಾಬೂರಾವ್ ಪೇಂಟರರು ಅದೇ ವರ್ಷದ ಜನವರಿ 16ರಂದು, ಆ ಸಮಾರಂಭಕ್ಕೆ ಒಂಬತ್ತು ತಿಂಗಳು ಮುಂಚೆ, ನಿಧನ ಹೊಂದಿದ್ದರು.

ಎರಡನೆಯ ವರ್ಷದಿಂದ ಪ್ರಾದೇಶಿಕ ಭಾಷೆಗಳಿಗೆ ಪ್ರತ್ಯೇಕ ಮನ್ನಣೆಯೆಂಬ ಏರ್ಪಾಡು ಜಾರಿಗೆ ಬಂದಿತು. ನನ್ನ ದೃಷ್ಟಿಯಲ್ಲಿ ಈ ಇಡಿಯ ಸಂಸ್ಥೆಯ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ನಿರ್ಣಯ ಇನ್ನೊಂದಿಲ್ಲ. 1954ರಲ್ಲಿ ಕನ್ನಡಕ್ಕೆ ಒಂದು ರಾಜ್ಯವಿರಲಿಲ್ಲ. ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳಲ್ಲಿ ಹಂಚಿಹೋಗಿದ್ದರು. ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ಹುಟ್ಟುತ್ತಿದ್ದುವು. ಪ್ರಾಂತವನ್ನು ಆಧಾರವಾಗಿಟ್ಟುಕೊಂಡಿದ್ದರೆ ಕನ್ನಡ ಚಿತ್ರವು ಯಾರ ಲೆಕ್ಕಕ್ಕೂ ಸೇರದೆ ಬೀದಿಪಾಲಾಗುತ್ತಿತ್ತು. ಭಾಷೆಯನ್ನು ಆಧಾರವಾಗಿಟ್ಟುಕೊಂಡುದರಿಂದ, ರಾಜ್ಯವು ಹುಟ್ಟುವುದಕ್ಕೆ ಮೊದಲೇ ಕನ್ನಡಕ್ಕೆ ದೆಹಲಿಯ ಪಟ್ಟಿಯಲ್ಲಿ ಒಂದು ಸಾಲು ದೊರೆಯಿತು. ಆ ಸಾಲನ್ನು ಮೊದಲು ತುಂಬಿದುದು ಎಚ್. ಎಲ್. ಎನ್. ಸಿಂಹರ ‘ಬೇಡರ ಕಣ್ಣಪ್ಪ’. ಗುಬ್ಬಿ ಕಂಪನಿಯಲ್ಲಿ ಪಳಗಿದ್ದ ಮುತ್ತುರಾಜನೆಂಬ ತರುಣನು ಅದರಲ್ಲಿ ರಾಜಕುಮಾರನೆಂಬ ಹೆಸರಿನಿಂದ ನಾಯಕನಾದನು. ಮರುವರ್ಷ ‘ಮಹಾಕವಿ ಕಾಳಿದಾಸ’, ಅನಂತರ ‘ಭಕ್ತ ವಿಜಯ’, ಅದರ ಅನಂತರ ಆರಂಭದಲ್ಲಿ ಹೇಳಿದ ‘ಪ್ರೇಮದ ಪುತ್ರಿ’. ಕೊಲ್ಲಾಪುರದ ರಾವಣನಿಗೆ ಪಾರಿತೋಷಕ ತಲಪಲು ಹೀಗೆ ಇಪ್ಪತ್ತಮೂರು ವರ್ಷಗಳು ಹಿಡಿದುವು.

ಇಷ್ಟರಲ್ಲಿ 1956ರ ನವೆಂಬರ್ 1 ಬಂದು ಹೋಗಿದ್ದಿತು. ದೂಧಗಂಗೆಯ ಒಂದು ದಡದ ಮಲಿಕವಾಡ ಮೈಸೂರು ರಾಜ್ಯಕ್ಕೂ ಎದುರು ದಡದ ದತ್ತವಾಡ ಮುಂಬಯಿ ರಾಜ್ಯಕ್ಕೂ, 1960ರ ಬಳಿಕ ಮಹಾರಾಷ್ಟ್ರಕ್ಕೂ ಸೇರಿದುವು. ಮಳೆಗಾಲದಲ್ಲಿ ಇಂದಿಗೂ ನಡುವಣ ಸೇತುವೆ ಮುಳುಗಿ ಹೋಗಿಬರುವುದು ನಿಂತಾಗ, ಎರಡು ದಡಗಳ ಬಂಧುಗಳು ಸುತ್ತುಬಳಸಿನ ದಾರಿ ಹಿಡಿಯುವರು; ಮಿಕ್ಕ ದಿನಗಳಲ್ಲಿ ರಾಜ್ಯವಾವುದೆಂದು ಕೇಳುವವರಿಲ್ಲ. ದತ್ತವಾಡವಿರುವ ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳು ಇರುವಂತೆಯೇ, ಇಲ್ಲಿಯ ಲಿಂಗಾಯತರ, ಜೈನರ ಮನೆಗಳಲ್ಲಿ ಕನ್ನಡವೂ ಪೇಟೆಯಲ್ಲಿ ಮರಾಠಿಯೂ ಒಂದೇ ನಾಲಗೆಯ ಮೇಲೆ ಹೊಂದಿಕೊಂಡಿವೆ. ಇಂಥ ಪ್ರೇಕ್ಷಕನಿಗೆ ದೆಹಲಿಯ ಪಟ್ಟಿಯಲ್ಲಿ ಒಂದಲ್ಲ, ಎರಡು ಸಾಲುಗಳು ತನ್ನವು. ಅತ್ರೆಯವರ ‘ಮಹಾತ್ಮಾ ಫುಲೆ’ಗೆ ಮರಾಠಿಯ ರಜತಪದಕ ಸಂದ ವರ್ಷವೇ ‘ಬೇಡರ ಕಣ್ಣಪ್ಪ’ನಿಗೂ ಮನ್ನಣೆ ಬಂದಿತು. 1959ರ ‘ಜಗಜ್ಯೋತಿ ಬಸವೇಶ್ವರ’ವೂ 1961ರ ‘ಕಿತ್ತೂರು ಚೆನ್ನಮ್ಮ’ವೂ ಈ ಸೀಮೆಯ ಮನೆಮಾತಾದ ಕಥೆಗಳನ್ನೇ ಹೇಳಿ ಗೌರವ ಪಡೆದುವು. ಇನ್ನೂ ಸ್ವಾರಸ್ಯವಾದುದು 1963ರದು: ಆ ವರ್ಷ ಸುಂದರರಾವ್ ನಾಡಕರ್ಣಿಯವರು ರಾಜಕುಮಾರರನ್ನು ದೇಹೂವಿನ ತುಕೋಬನನ್ನಾಗಿ ಮಾಡಿ ತೆಗೆದ ‘ಸಂತ ತುಕಾರಾಂ’ ಕನ್ನಡದ ಅತ್ಯುತ್ತಮ ಚಿತ್ರವೆನಿಸಿತು. ವೆನಿಸ್ಸಿಗೆ ಹೋಗಿಬಂದಿದ್ದ ಅಭಂಗಗಳ ಸಂತನು ಕನ್ನಡದಲ್ಲಿ ಮಾತನಾಡಿ ದೆಹಲಿಗೂ ಹೋದನು. ಪಂಢರಾಪುರದ ವಾರಿಗೆ ಕನ್ನಡದ ದಿಂಡಿಗಳು ಹೋಗುವುದನ್ನು ಕಂಡವರಿಗೆ ಇದರಲ್ಲಿ ವಿಸ್ಮಯವೇನೂ ಇಲ್ಲ.

ಅಂದು ಪುರಸ್ಕೃತ ಚಿತ್ರವೊಂದು ಊರಿಗೆ ಬಂದಾಗ, ಸೆನ್ಸಾರ್ ಪತ್ರದ ಹಿಂದೆಯೇ, ರಾಷ್ಟ್ರಪತಿಗಳ ಪದಕದ ಸುದ್ದಿಯನ್ನು ಸಾರುವ ಫಲಕವೊಂದು ತೆರೆಯ ಮೇಲೆ ಕ್ಷಣಕಾಲ ನಿಲ್ಲುತ್ತಿತ್ತು. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತವರಲ್ಲಿ ಓದು ಬಲ್ಲವನೊಬ್ಬನು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದನು. ಪದಕವಿದ್ದ ಚಿತ್ರ ಬೇಸರದ್ದೆಂದು ನಂಬಿ ದೂರ ಉಳಿಯುವವರೂ ಇದ್ದರೆನ್ನಿ. ವಿತರಕರು ಅದನ್ನು ಚೆನ್ನಾಗಿ ಬಲ್ಲವರು.

ಈ ವ್ಯವಸ್ಥೆಯ ದೊಡ್ಡ ಕೊರತೆಯೆಂದರೆ, ಮೊದಲ ಹನ್ನೆರಡು ಹದಿಮೂರು ವರ್ಷ ಅದು ಚಿತ್ರವನ್ನು ಮಾತ್ರ ಕಂಡಿತು, ಚಿತ್ರದೊಳಗಿನ ಕೈಗಳನ್ನು ಕಾಣಲಿಲ್ಲ. ಪದಕ ಚಿತ್ರಕ್ಕೆ, ಎಂದರೆ ನಿರ್ಮಾಪಕನಿಗೆ ಮತ್ತು ನಿರ್ದೇಶಕನಿಗೆ. ನಟನಿಲ್ಲ, ಛಾಯಾಗ್ರಾಹಕನಿಲ್ಲ, ಕಲಾನಿರ್ದೇಶಕನಂತೂ ಇಲ್ಲವೇ ಇಲ್ಲ. ಬಡಗಿಗೆ ಅಳತೆಪಟ್ಟಿ ಹಿಡಿಸಿ ಅರಮನೆ ಕಟ್ಟಿಸಿದ ಬಾಬೂರಾಯರ ಪರಂಪರೆಗೆ, ಎಂದರೆ ಕೊಲ್ಲಾಪುರದ ನಿಜವಾದ ಬಂಡವಾಳಕ್ಕೆ, ಆ ನಿಯಮಾವಳಿಯಲ್ಲಿ ಸ್ಥಾನವೇ ಇರಲಿಲ್ಲ. 1967ರ ಚಿತ್ರಗಳಿಂದ ಮೊದಲ್ಗೊಂಡು ವ್ಯಕ್ತಿಗಳಿಗೂ ಪುರಸ್ಕಾರ ಸಲ್ಲತೊಡಗಿ, ಉತ್ತಮಕುಮಾರರೂ ನರ್ಗಿಸರೂ ನಟವರ್ಗದ ಪ್ರಥಮ ಗೌರವಗಳಿಗೆ ಪಾತ್ರರಾದರು. ಮೈಸೂರು ಸರಕಾರವು 1966–67ರಿಂದ ತನ್ನದೇ ರಾಜ್ಯಪ್ರಶಸ್ತಿಗಳನ್ನು ಆರಂಭಿಸಿತು. ಮಹಾರಾಷ್ಟ್ರದ್ದು ಅದಕ್ಕಿಂತ ಕೆಲವು ವರ್ಷ ಹಿಂದಿನದು.

ಕನ್ನಡಕ್ಕೆ ಸುವರ್ಣಪದಕ ಬಂದುದು 1970ರ ಚಿತ್ರವಾದ ಪಟ್ಟಾಭಿರಾಮರೆಡ್ಡಿಯವರ ‘ಸಂಸ್ಕಾರ’ಕ್ಕೆ. ಅನಂತಮೂರ್ತಿಯವರ ಕಾದಂಬರಿ, ಕಾರ್ನಾಡರ ಪ್ರಾಣೇಶಾಚಾರ್ಯ, ಆಸ್ಟ್ರೇಲಿಯದ ಟಾಮ್ ಕೋವನ್ನನ ಛಾಯಾಗ್ರಹಣ. ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ಮೊದಲು ತಡೆಹಿಡಿದಿದ್ದಿತು. ಒಂದೇ ಸರಕಾರದ ಒಂದು ಕೈ ನಿಷೇಧಿಸಿದುದನ್ನು ಇನ್ನೊಂದು ಕೈ ಪುರಸ್ಕರಿಸಿತು. ಕೇಸಕರರ ಕಾಲದ ವೈಚಿತ್ರ್ಯವು ಹದಿನಾರು ವರ್ಷಗಳ ಅನಂತರವೂ ಉಳಿದಿದ್ದಿತೆಂದು ಹೇಳಬೇಕಾಗಿದೆ. ಮುಂದೆ ‘ಚೋಮನ ದುಡಿ’, ‘ಘಟಶ್ರಾದ್ಧ’ಗಳು ಅದೇ ದಾರಿಯಲ್ಲಿ ನಡೆದುವು, ಚೋಮನಾದ ವಾಸುದೇವರಾಯರು ದೇಶದ ಅತ್ಯುತ್ತಮ ನಟರೆನಿಸಿದರು. ಆ ಅಧ್ಯಾಯವನ್ನು ಬಲ್ಲವರು ಅನೇಕರು ಬರೆದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಕಾರ್ಯಶಾಲೆಗಳ ಋಣವನ್ನು ಸ್ವಲ್ಪಮಟ್ಟಿಗಾದರೂ ತೀರಿಸಿದುದು, ಫಾಲ್ಕೆಯವರ ಜನ್ಮಶತಾಬ್ದದ ಸಮಯದಲ್ಲಿ ಅವರ ಹೆಸರಿನಲ್ಲಿ ಸ್ಥಾಪಿತವಾದ, ಜೀವಮಾನದ ಸಾಧನೆಯ ಪ್ರಶಸ್ತಿ. 1969ನೆಯ ವರ್ಷಕ್ಕಾಗಿ ಅದನ್ನು ಮೊದಲು ಪಡೆದ ದೇವಿಕಾರಾಣಿಯವರು ಬೆಂಗಳೂರಿನ ತಾತಗುಣಿಯಲ್ಲಿ ನೆಲೆಸಿದ್ದವರು. 1985ರದು ಶಾಂತಾರಾಮರಿಗೆ, 1991ರದು ಭಾಲಜಿ ಪೆಂಢಾರಕರರಿಗೆ ಸಂದು, ಕೊಲ್ಲಾಪುರದ ಎರಡು ಹೆಸರುಗಳು ಅದರಲ್ಲಿ ದಾಖಲಾದುವು. 1995ರದು ‘ಬೇಡರ ಕಣ್ಣಪ್ಪ’ನ ರಾಜಕುಮಾರರಿಗೆ. ಸುಟ್ಟು ಮತ್ತೆ ಎದ್ದ ಜಯಪ್ರಭಾ ಸ್ಟುಡಿಯೋದಲ್ಲಿ ಭಾಲಜಿಯವರ ಕೈಕೆಳಗೆ ಅಭಿನಯ ಕಲಿತು, ಮರಾಠಿ ಹಿಂದೀ ತೆರೆಗಳ ತಾಯಿಯೆನಿಸಿಕೊಂಡ ನಟಿ ಸುಲೋಚನಾ ಅವರ ಹೆಸರು ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಪದ್ಮಶ್ರೀಯೂ ಮಹಾರಾಷ್ಟ್ರ ಭೂಷಣವೂ ಅವರಿಗೆ ಬಂದುವು. 2023ರ ಜೂನ್ ತಿಂಗಳಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡಾಗ ಮಹಾರಾಷ್ಟ್ರದ ಪತ್ರಿಕೆಗಳೆಲ್ಲ ಪುಟಗಟ್ಟಲೆ ಬರೆದುವು. ಅವರು ಹುಟ್ಟಿದುದು ದೂಧಗಂಗೆಯ ಆಚೆಗೆ, ಬೆಳಗಾವಿ ಜಿಲ್ಲೆಯ ಖಡಕಲಾಟದಲ್ಲಿ.